ಲಾಳಿಯ ಎಂಜಲು

ಗ್ರಂಥಾಲಯದ ಗೋಡೆಯ ಮೇಲೆ ಒಂದು ಹಲಗೆ ಇದೆ. "ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವಬಾರದು." ಕೆಂಪು ಅಕ್ಷರ. ಅದರ ಕೆಳಗೆ ಒಂದು ಸ್ಟೂಲು. ಯಶೋಧರಾ ಲೋಣಾರೆ ಕೂರುತ್ತಿದ್ದದ್ದು ಆ ಸ್ಟೂಲಿನ ಮೇಲೆ.

ನಾಗಪುರದ ನಮ್ಮ ಓಣಿಯಲ್ಲಿ ಗ್ರಂಥಾಲಯ ಶಾಸ್ತ್ರ ಓದಿದವಳು ಅವಳೊಬ್ಬಳೇ. ಓದಿ ಸಿಕ್ಕಿದ್ದು ವಿದ್ಯಾಪೀಠದ ಗ್ರಂಥಾಲಯದಲ್ಲಿ ಗುತ್ತಿಗೆ ಕೆಲಸ. ಇಡೀ ದಿನ ಸ್ಕ್ಯಾನರಿನ ಮುಂದೆ ನಿಲ್ಲಬೇಕು. ಪುಸ್ತಕ ಬಿಚ್ಚಿ ಗಾಜಿನ ಮೇಲೆ ಬೋರಲು ಹಾಕಬೇಕು. ಅಂಗೈಯಿಂದ ಒತ್ತಬೇಕು. ಎತ್ತಬೇಕು, ಹಾಳೆ ತಿರುವಬೇಕು, ಮತ್ತೆ ಒತ್ತಬೇಕು. ಬೆಳಕು ಕಣ್ಣಿಗೆ ಚುಚ್ಚುತ್ತದೆ. ಹಳೆಯ ಕಾಗದದ ಧೂಳು ಗಂಟಲಿಗೆ ಇಳಿಯುತ್ತದೆ. ಸಂಜೆ ಮಣಿಕಟ್ಟು ಊದಿರುತ್ತದೆ. ಹೊರಗೆ ಹೋಗುವಾಗ ಗೇಟಿನಲ್ಲಿ ಚೀಲದ ತಪಾಸಣೆ. ಕಾಯಂ ನೌಕರರ ಚೀಲ ಯಾರೂ ಮುಟ್ಟುವುದಿಲ್ಲ. ಗುತ್ತಿಗೆಯವರ ಊಟದ ಡಬ್ಬಿಯನ್ನೂ ಬಿಚ್ಚಿಸುತ್ತಾರೆ. ಭಾಕರಿಯ ನಡುವೆ ಜ್ಞಾನ ಸುತ್ತಿಕೊಂಡು ಹೋಗುತ್ತೇವೆ ಎಂಬ ಭಯ ಇರಬೇಕು.

ಆ ವರ್ಷ ಗ್ರಂಥಾಲಯ ಡಿಜಿಟಲ್ ಆಗಬೇಕೆಂದು ಮೇಲಿನಿಂದ ಆದೇಶ ಬಂತು. ಸ್ಕ್ಯಾನ್ ಮಾಡಿದ ಪುಸ್ತಕ ಇಡಲು, ಹುಡುಕಲು, ಓದಲು ಒಂದು ಸಾಫ್ಟ್‌ವೇರ್ ಬೇಕಿತ್ತು. ಎರಡು ಎದುರಿಗಿದ್ದವು. ಒಂದು ಪುಕ್ಕಟೆಯದು. ಎಲ್ಲೆಲ್ಲಿನವರೋ ಸೇರಿ ಬರೆದದ್ದು, ಮನೆಯಲ್ಲಿ ಕೂತು ಯಾರು ಬೇಕಾದರೂ ತೆರೆದು ಓದಬಹುದು. ಇನ್ನೊಂದು ಪುಣೆಯ ಕಂಪನಿಯದು. ಗ್ರಂಥಾಲಯದ ಕಾರ್ಡು ಇದ್ದವರಿಗೆ ಮಾತ್ರ ಬಾಗಿಲು ತೆರೆಯುತ್ತದೆ. ಆರಿಸಲು ಸಮಿತಿ ಆಯಿತು. ಗ್ರಂಥಪಾಲ ದೇಶಕರ್ ಸರ್ ಅದರ ಮುಖ್ಯಸ್ಥ.

ಮೇಜಿನ ಸುತ್ತ ಕುರ್ಚಿಗಳು. ಗೋಡೆಯ ಹತ್ತಿರ ಸ್ಟೂಲು. ಮೇಜಿನ ಮೇಲೆ ಪಿಂಗಾಣಿ ಕಪ್ಪುಗಳಲ್ಲಿ ಚಹಾ. ಯಶೋಗೆ ಕಾಗದದ ಲೋಟ. ಯಾರೂ ಬೇಕೆಂದು ಮಾಡಿದ್ದಲ್ಲ, ಕಪ್ಪು ಕಡಿಮೆ ಇದ್ದವು ಎನ್ನುತ್ತಾರೆ. ಕಡಿಮೆ ಬೀಳುವುದು ಯಾವಾಗಲೂ ನಮ್ಮ ಹೊತ್ತಿಗೇ.

"ಎರಡರಾಗೂ ಒಂದಿಷ್ಟು ಪುಸ್ತಕ ಹಾಕಿ ಓಡಿಸಿ ನೋಡೂಣು," ಎಂದರು ದೇಶಕರ್.

"ಶಾಸ್ತ್ರಿಗಳ ಹಳೇ ಗ್ರಂಥಗಳ ಸಂಗ್ರಹ ಹಾಕೂಣೇನ್ರಿ?" ಎಂದ ಒಬ್ಬ ಪ್ರಾಧ್ಯಾಪಕ.

"ಛೆ ಛೆ! ಅದಕ್ಕ ಈಗ ಕೈ ಹಚ್ಚಬ್ಯಾಡ್ರಿ. ಪ್ರಯೋಗದಾಗ ಏನರ ಹೆಚ್ಚುಕಡಿಮಿ ಆದ್ರ ಏನು ಗತಿ? ಹಾಳಾದ್ರೂ ನಷ್ಟ ಇಲ್ಲ ಅನ್ನೂವಂಥಾದ್ದು ಏನರ ನೋಡ್ರಿ."

ಯಶೋ ಸ್ಟೂಲಿನಿಂದ ಎದ್ದು ನಿಂತಳು.

"ಸರ್, ನಮ್ಮ ಓಣಿಯಾಗ ಹಾಡಿನ ಪುಸ್ತಕ ಅವ. ನಾ ತರ್ತೀನಿ."

ಹಾಳಾದರೂ ನಷ್ಟವಿಲ್ಲದ್ದು ಎಂದಾಗ ಅವಳಿಗೆ ನಮ್ಮ ಓಣಿ ನೆನಪಾಯಿತು. ಆದರೆ ಅವಳ ಲೆಕ್ಕ ಬೇರೆ ಇತ್ತು. ನಮ್ಮ ಓಣಿಯ ಹಾಡಿನ ಪುಸ್ತಕಗಳನ್ನು ಗ್ರಂಥಾಲಯಕ್ಕೆ ಸೇರಿಸಿ ಎಂದು ಅವಳು ಹಿಂದೆ ಎಷ್ಟೋ ಸಲ ಕೇಳಿದ್ದಳು. "ಅವು ಗ್ರಂಥ ಅಲ್ಲ ಮಗಳ, ಕರಪತ್ರ," ಎಂದು ದೇಶಕರ್ ನಗುತ್ತಲೇ ಹೇಳಿ ಕಳಿಸಿದ್ದರು. ಅವರು ಕೂಗಾಡುವ ಜನ ಅಲ್ಲ. ಮಗಳೇ ಎನ್ನುತ್ತಲೇ ಬಾಗಿಲು ಹಾಕುವವರು. ಈಗ ಪ್ರಯೋಗದ ನೆಪದಲ್ಲಿ ಬಾಗಿಲು ತೆರೆದಿದೆ, ಹಿತ್ತಲ ಬಾಗಿಲಾದರೇನು, ಹೊಕ್ಕರೆ ಹೊಕ್ಕಂತೆಯೇ ಎಂದುಕೊಂಡಳು. ಒಮ್ಮೆ ಒಳಗೆ ಹೋದ ಮೇಲೆ ಯಾರು ತೆಗೆದು ಹಾಕುತ್ತಾರೆ? ನಮ್ಮ ಜನ ಹಿಂದಿನಿಂದ ಮಾಡಿಕೊಂಡು ಬಂದ ತಪ್ಪು ಇದು. ಅಂಗಳದಲ್ಲಿ ನಿಲ್ಲಿಸಿಕೊಂಡವರು ನಾಳೆ ಜಗಲಿಗೆ ಕರೆದಾರು ಎಂದು ಕಾಯುವುದು.

ಪುಸ್ತಕಗಳು ಇದ್ದದ್ದು ಠಮಾ ಆಜಿಯ ಟ್ರಂಕಿನಲ್ಲಿ.

ಆಜಿ ಬೀಡಿ ಕಟ್ಟುವವಳು. ಕಣ್ಣು ಮಂಜಾದರೂ ಬೆರಳು ನಿಲ್ಲಿಸಿದವಳಲ್ಲ. ಅವಳ ಗಂಡ ಡೋಮಾಜಿ ಸೋಮಕುವರ್ ಗಿರಣಿಯಲ್ಲಿ ಅರಳೆ ಹೊರುತ್ತಿದ್ದ. ನೇಯ್ಗೆಯ ಖಾತೆಯಲ್ಲಿ ಕೂಲಿ ಹೆಚ್ಚು, ಆದರೆ ಅಲ್ಲಿ ನಮ್ಮವರಿಗೆ ಪ್ರವೇಶ ಇರಲಿಲ್ಲ. ಲಾಳಿಯ ಕಣ್ಣಿಗೆ ಬಾಯಿಟ್ಟು ನೂಲನ್ನು ಹೀರಿ ಎಳೆಯಬೇಕು. ನಮ್ಮ ಬಾಯಿ ಮುಟ್ಟಿದ ಲಾಳಿಗೆ ಅವರು ಬಾಯಿ ಇಡುತ್ತಾರೆಯೇ? ಒಂದು ದಿನ ಊಟದ ಹೊತ್ತಿನಲ್ಲಿ ಡೋಮಾಜಿ ನೇಯ್ಗೆಯ ಖಾತೆಗೆ ಹೋಗಿ ಲಾಳಿ ಎತ್ತಿ ನೂಲು ಹೀರಿದ. ಹಿಡಿದು ಹೊಡೆದರು. ಮುಂದಿನ ಹಲ್ಲು ಬಿದ್ದವು. ಹಲ್ಲಿಲ್ಲದ ಬಾಯಲ್ಲೇ ಅವನು ಹಾಡು ಕಟ್ಟಿದ. ಅಚ್ಚು ಹಾಕಿಸಿದ. "ಲಾಳಿಯ ಎಂಜಲು" ಎಂದು ಹೆಸರಿಟ್ಟ. ಪ್ರತಿ ವಿಜಯದಶಮಿಗೆ ದೀಕ್ಷಾಭೂಮಿಯ ಮೈದಾನದಲ್ಲಿ ಗೋಣಿ ಹಾಸಿ ಕೂತು ಮಾರಿದ. ಪಕ್ಕದಲ್ಲಿ ಕೂತವರ ಪುಸ್ತಕಗಳನ್ನೂ ಒಂದೊಂದು ತಂದು ಟ್ರಂಕಿನಲ್ಲಿಟ್ಟ. ಜಲಸಾ ಮೇಳದ ಹಾಡು, ನೀರಿನ ಹಾಡು, ಸತ್ತ ದನ ಎಳೆಯುವುದಿಲ್ಲ ಎಂದ ಹಾಡು. ಅಚ್ಚು ಹಾಕಿದವರ ಮನೆಗಳಲ್ಲೂ ಈಗ ಅವು ಇಲ್ಲ. ಹುಳ ಬಾರದಂತೆ ಆಜಿ ಬೀಡಿಯ ತಂಬಾಕಿನ ಪುಡಿ ಉದುರಿಸಿ ಇಟ್ಟಿದ್ದಳು. ಅವಳು ಅಕ್ಷರ ಕಲಿತದ್ದು ಆ ಮುಖಪುಟಗಳ ಮೇಲೆಯೇ, ಗಂಡ ಬೆರಳಿಟ್ಟು ತೋರಿಸಿದಂತೆ.

"ಕಂಪ್ಯೂಟರಿನಾಗ ಹಾಕಿದ್ರ ಏನಾಕ್ಕೈತಿ?" ಎಂದು ಕೇಳಿದಳು ಆಜಿ.

"ಎಲ್ಲಿ ಬೇಕಾದಲ್ಲಿ ಕುಂತು ಓದಬೋದು ಆಜಿ. ಮುಂಬೈದಾಗ, ದಿಲ್ಲಿಯಾಗ. ಲಾಳಿ ಅಂತ ಒತ್ತಿದ್ರ ಸಾಕು, ನಿಮ್ಮ ಮುದುಕನ ಹಾಡು ಎದ್ದು ಬರ್ತೈತಿ."

"ಬದುಕಿದ್ದಾಗ ಕರದ್ರೂ ಏಳ್ತಿರಲಿಲ್ಲ ಅಂವ." ಆಜಿ ನಕ್ಕಳು. ಆಮೇಲೆ ಟ್ರಂಕಿನ ಮೇಲೆ ಕೈಯಿಟ್ಟಳು. "ವಾಪಸ್ ಬರ್ತಾವಲ್ಲ?"

"ಬರ್ತಾವ. ನನ್ನ ಮ್ಯಾಲ ಬಿಡು."

"ನಿನ್ನ ಮ್ಯಾಲನ ಬಿಡ್ತೀನವ್ವಾ. ನಿನ್ನ ಕಂಪ್ಯೂಟರು ನನಗೇನು ಗೊತ್ತು?"

ಟ್ರಂಕಿಗೆ ನೀಲಿ ಬಟ್ಟೆ ಹೊದೆಸಿ ಓಣಿಯ ತುದಿಯವರೆಗೆ ಹೊತ್ತೆವು. ಜೈಭೀಮ್ ಎಂದು ಕೂಗಿದೆವು. ಟ್ರಂಕಿನ ಒಂದು ಬದಿಯ ಹಿಡಿ ನನ್ನ ಕೈಯಲ್ಲೇ ಇತ್ತು. ಯಶೋಳನ್ನು ಬೈಯುವಾಗ ಇದನ್ನು ಮರೆಯಬಾರದು.

ಕಂಪನಿಯವನು ತನ್ನ ಸಾಫ್ಟ್‌ವೇರ್ ಜೊತೆಗೆ ಒಂದು ಯಂತ್ರವನ್ನೂ ತಂದಿದ್ದ. ಬಿಡಿ ಹಾಳೆಗಳ ಕಟ್ಟು ಮೇಲಿಟ್ಟರೆ ಒಂದೊಂದಾಗಿ ನುಂಗಿ ಕೆಳಗೆ ಬಿಡುತ್ತದೆ. ಗಾಜಿನ ಮೇಲೆ ಬೋರಲು ಹಾಕುವ ಕಷ್ಟವಿಲ್ಲ. ಆದರೆ ಹಾಳೆ ಬಿಡಿಯಾಗಬೇಕು. ಪುಸ್ತಕದ ಬೆನ್ನು ಕತ್ತರಿಸಬೇಕು.

"ನಾನು ಕೈಯಿಂದನ ಮಾಡ್ತೀನಿ ಸರ್," ಎಂದಳು ಯಶೋ.

"ಅಷ್ಟು ದಿವಸ ಎಲ್ಲಿ ಅದ ಮಗಳ? ಸಮಿತಿ ಬರೂ ವಾರ ಕೂಡ್ತದ. ಆಗೂದಿಲ್ಲ ಅಂದ್ರ ಬಿಡು, ಹಳೇ ಟೆಲಿಫೋನ್ ಡೈರೆಕ್ಟರಿ ಹಾಕೂಣು. ಪ್ರಯೋಗಕ್ಕ ಅದೂ ನಡೀತದ."

ಟೆಲಿಫೋನ್ ಡೈರೆಕ್ಟರಿ. ನಮ್ಮ ಹಾಡು ಆಗದಿದ್ದರೆ ಅದು. ಯಶೋ ಟ್ರಂಕನ್ನು ಎಳೆದುಕೊಂಡು ಹಿಂದಿನ ಬೈಂಡಿಂಗ್ ಕೋಣೆಗೆ ಹೋದಳು. ಅಲ್ಲಿ ರೆಹಮತ್ ಚಾಚಾ ಕತ್ತರಿ ಯಂತ್ರದ ಹಿಡಿಗೆ ಎಣ್ಣೆ ಬಿಡುತ್ತಿದ್ದ. ಮೇಲಿನ ಪುಸ್ತಕವನ್ನು ಎತ್ತಿ ನೋಡಿದ. ಎರಡು ಹೊಲಿಗೆಯ ಸಣ್ಣ ಪುಸ್ತಕ. ತಂಬಾಕಿನ ವಾಸನೆಗೆ ಸೀನಿದ.

"ಬೇಟಿ, ಇದನ್ನ ಕತ್ತರಿಸಬೇಕಾ?"

ಅವಳು ಪುಸ್ತಕದ ಹೊಲಿಗೆಯ ಮೇಲೆ ಬೆರಳು ಆಡಿಸಿದಳು.

"ಒಂದ ಪ್ರತಿ ಐತಲ್ಲ? ನೀನು ಹೂಂ ಅಂದ್ರ ಮಾತ್ರ."

"ಕತ್ತರಿಸು ಚಾಚಾ."

ಅಲಗು ಇಳಿಯಿತು. ಡೋಮಾಜಿಯ ಪುಸ್ತಕದ ಬೆನ್ನು ದಾರದ ಸಮೇತ ಕೆಳಗೆ ಬಿತ್ತು. ಅವಳು ಅದನ್ನು ಬಗ್ಗಿ ಎತ್ತಿಕೊಂಡು ಕುಬುಸದೊಳಗೆ ಇಟ್ಟುಕೊಂಡಳು. ಸಂಜೆ ಗೇಟಿನಲ್ಲಿ ಚೀಲ ನೋಡಿದರು. ಆ ಬೆನ್ನಿನ ಚೂರು ಮಾತ್ರ ಹೊರಗೆ ಬಂತು. ಸ್ಕ್ಯಾನ್ ಆದದ್ದರ ಒಂದು ಪ್ರತಿಯನ್ನು ತೆಗೆದುಕೊಂಡು ಹೋಗುವ ಹಾಗಿರಲಿಲ್ಲ. ಗುತ್ತಿಗೆಯವರ ಬಳಿ ಪೆನ್ ಡ್ರೈವ್ ಸಿಕ್ಕರೆ ಕೆಲಸ ಹೋಗುತ್ತದೆ.

ಸಮಿತಿ ಕೂಡಿತು. ಪುಕ್ಕಟೆಯದನ್ನೂ ಕಂಪನಿಯದನ್ನೂ ದೊಡ್ಡ ಪರದೆಯ ಮೇಲೆ ತೋರಿಸಿದರು. ಎರಡರಲ್ಲೂ ನಮ್ಮ ಹಾಡುಗಳು ತುಂಬಿದ್ದವು. ಕಂಪನಿಯವನು "ಲಾಳಿ" ಎಂದು ಒತ್ತಿದ. ಡೋಮಾಜಿಯ ಹಾಳೆ ಗೋಡೆಯಷ್ಟು ದೊಡ್ಡದಾಗಿ ಎದ್ದು ನಿಂತಿತು. ಯಶೋ ಹೇಳಿದ್ದು ಸುಳ್ಳಾಗಿರಲಿಲ್ಲ. ಅವಳ ಕಣ್ಣು ತುಂಬಿದವು.

ಪ್ರಾಧ್ಯಾಪಕ ಗಟ್ಟಿಯಾಗಿ ಓದಿದ:

"ನಾ ಹೀರಿದ ನೂಲು ಯಾರ ಧೋತರದಾಗೈತೋ,
ಯಾವ ದೇವರ ಮುಂದ ಹೋಗಿ ಕುಂತೈತೋ."

ಒಬ್ಬ ತನ್ನ ಧೋತರವನ್ನು ಎತ್ತಿ ಮೂಸಿ ನೋಡುವ ಹಾಗೆ ಮಾಡಿದ. ಎಲ್ಲರೂ ನಕ್ಕರು. ಆಲೂಬೋಂಡಾ ಬಾಯಲ್ಲಿದ್ದವನಿಗೆ ನೆತ್ತಿಗೆ ಹತ್ತಿತು. ಯಶೋ ಸ್ಟೂಲಿನ ಅಂಚು ಹಿಡಿದು ಕೂತಿದ್ದಳು.

"ಲೋಣಾರೆ, ದಿನಾ ಕೆಲಸ ಮಾಡೂವಾಕಿ ನೀನು. ನೀ ಏನಂತಿ?" ಎಂದರು ದೇಶಕರ್.

"ಪುಕ್ಕಟೆಯದ ಇರಲಿ ಸರ್. ಯಾರು ಬೇಕಾದ್ರೂ ತೆರೆದು ಓದಬೋದು."

"ಯಾರು ಬೇಕಾದ್ರೂ! ತೊಂದ್ರಿ ಇರೂದ ಅಲ್ಲಿ ಮಗಳ."

ಕಂಪನಿಯದು ಗೆದ್ದಿತು. ಯಶೋ ಜಗಳ ಮಾಡಲಿಲ್ಲ. ಕಾರ್ಡು ಬೇಕಾದರೆ ತನ್ನ ಕಾರ್ಡಿನಲ್ಲೇ ಆಜಿಗೆ ತೋರಿಸಿದರಾಯಿತು, ಹಾಡುಗಳಂತೂ ಒಳಗಿವೆಯಲ್ಲ ಎಂದುಕೊಂಡಳು. ನಗುವವರು ನಗಲಿ, ಒಳಗಿವೆ. ಅಷ್ಟು ಸಾಕು ಅನ್ನಿಸಿತು ಅವಳಿಗೆ. ನಮಗೆ ಯಾವಾಗಲೂ ಅಷ್ಟೇ ಸಾಕು ಅನ್ನಿಸುತ್ತದೆ. ಅದೇ ನಮ್ಮ ರೋಗ.

ಮುಂದಿನ ವಾರ ಶಾಸ್ತ್ರಿಗಳ ಸಂಗ್ರಹದ ಕೆಲಸ ಶುರುವಾಯಿತು. ಆ ಗ್ರಂಥಗಳಿಗೆ ಕತ್ತರಿ ಇಲ್ಲ. ಗಾಜಿನ ಮೇಲೆ ಒಂದೊಂದೇ ಹಾಳೆ, ಬಿಳಿ ಕೈಗವಸು ಹಾಕಿಕೊಂಡು, ಮೆಲ್ಲಗೆ. ದಿವಸ ಎಷ್ಟು ಹಿಡಿದರೂ ಹಿಡಿಯಲಿ ಎಂದರು ದೇಶಕರ್. ಮಧ್ಯಾಹ್ನ ಬಿಡುವಿನಲ್ಲಿ ಯಶೋ "ಲಾಳಿ" ಎಂದು ಒತ್ತಿದಳು. ಏನೂ ಸಿಗಲಿಲ್ಲ. "ಎಂಜಲು" ಎಂದು ಒತ್ತಿದಳು. "ಸೋಮಕುವರ್" ಎಂದಳು. ಏನೂ ಸಿಗಲಿಲ್ಲ.

ಕಂಪನಿಯವನಿಗೆ ಫೋನು ಮಾಡಿದಳು.

"ಆ ಟ್ರಯಲ್ ಡೇಟಾನಾ ಮೇಡಂ? ಅಳಿಸಿದ್ವಲ್ಲ. ಸಾಫ್ಟ್‌ವೇರ್ ಖರೀದಿ ಆದ ಕೂಡ್ಲೆ ಎಲ್ಲಾ ಕಡೆ ಅಳಿಸೇ ಅಳಿಸ್ತೀವಿ. ಕ್ಲೀನ್ ಆಗಿ ಶುರು ಮಾಡಬೇಕಲ್ಲ."

"ನನಗೊಂದು ಮಾತು ಹೇಳಬಾರದಿತ್ತಾ?"

"ನಿಮ್ಮ ಸಾಹೇಬ್ರಿಗೆ ಕೇಳಿದ್ವಿ. ಏನೂ ಉಳಿಸೂದಿಲ್ಲ ಅಂದ್ರು."

ಪುಕ್ಕಟೆಯದನ್ನು ಹಾಕಿದ್ದ ಕಂಪ್ಯೂಟರನ್ನು ಖಾಲಿ ಮಾಡಿ ಲೆಕ್ಕದ ವಿಭಾಗಕ್ಕೆ ಕೊಟ್ಟಾಗಿತ್ತು. ಅವಳು ಬೈಂಡಿಂಗ್ ಕೋಣೆಗೆ ಓಡಿದಳು. ಟ್ರಂಕು ಬಾಯಿ ತೆರೆದುಕೊಂಡು ಮೂಲೆಯಲ್ಲಿತ್ತು. ಅದರಲ್ಲಿ ಅಂಟಿನ ಡಬ್ಬಿಗಳಿದ್ದವು.

"ಸಾಹೇಬ್ರು ರದ್ದಿ ಅಂದ್ರು ಬೇಟಿ," ಎಂದ ರೆಹಮತ್ ಚಾಚಾ. ಅವಳ ಮುಖ ನೋಡಲಿಲ್ಲ. "ಶಾಸ್ತ್ರಿಗಳ ಗ್ರಂಥಕ್ಕ ಹೊಸಾ ರಟ್ಟು ಹಾಕಬೇಕಿತ್ತು. ರಟ್ಟು ಗಟ್ಟಿ ಆಗಲಿ ಅಂತ ಒಳಗ ರದ್ದಿ ಹಾಳಿ ಹಚ್ತೀವಲ್ಲ. ಅದಕ್ಕ ಹಚ್ಚಿದೆ. ನೀನು ಹೂಂ ಅಂದಿದ್ದಿ ಅಂತ..."

ಅವಳು ಹೂಂ ಅಂದಿದ್ದಳು. ಒಂದು ಗ್ರಂಥದ ಹಿಂದಿನ ರಟ್ಟು ತೆರೆದಳು. ಮೇಲೆ ತೆಳ್ಳನೆ ಬಿಳಿ ಹಾಳೆ ಅಂಟಿಸಿದ್ದರೂ ಒಳಗಿನ ಅಕ್ಷರ ಕಾಣುತ್ತಿತ್ತು. ನೀರಿನ ಹಾಡು. ಇನ್ನೊಂದರಲ್ಲಿ ದನ ಎಳೆಯದವರ ಹಾಡು. ಉಳಿದ ಹಾಳೆಗಳು ಚೂರಾಗಿ ಯಾವ ಗ್ರಂಥದ ಬೆನ್ನಿನೊಳಗೆ ಹೋಗಿವೆಯೋ ಚಾಚಾಗೇ ಗೊತ್ತಿರಲಿಲ್ಲ.

ಅವಳು ದೇಶಕರ್ ಬಳಿ ಹೋದಳು. ಅವರು ಕನ್ನಡಕ ತೆಗೆದರು.

"ಬ್ಯಾಸರ ಮಾಡ್ಕೋಬ್ಯಾಡ ಮಗಳ. ಹಾಳಾದ್ರೂ ನಷ್ಟ ಇಲ್ಲ ಅಂತ ನಾನು ಮೊದಲ ಹೇಳಿದ್ದೆ. ಆಗ ನೀನ ಎದ್ದು ನಿಂತು ತರ್ತೀನಿ ಅಂದಿ."

ಇದು ಸುಳ್ಳಲ್ಲ. ಅದಕ್ಕೇ ಅದು ಅಷ್ಟು ಚುಚ್ಚಿತು.

ಆಮೇಲೆ ಯಶೋ ಓಣಿಯ ಮುಂದಿನ ದಾರಿಯಲ್ಲಿ ಬರುವುದನ್ನು ಬಿಟ್ಟಳು. ಆಜಿಯ ಮನೆ ಆ ದಾರಿಯಲ್ಲಿತ್ತು. ನಾಲೆಯ ಪಕ್ಕದ ಕೆಸರಿನಲ್ಲಿ ಸುತ್ತಿ ಹಿಂದಿನಿಂದ ಮನೆ ಸೇರುತ್ತಿದ್ದಳು. ಹಿತ್ತಲ ಬಾಗಿಲು ಅವಳಿಗೆ ಅಭ್ಯಾಸವಾಗಿತ್ತು. ಆಜಿ ಮಾತ್ರ ಬಿಡಲಿಲ್ಲ. ನಲ್ಲಿಯ ಹತ್ತಿರ ಹಿಡಿದಳು.

"ನಮ್ಮ ಮುದುಕ ಎದ್ದನೇನ?"

"ಕರೆಂಟ್ ಇಲ್ಲ ಆಜಿ. ಮುಂದಿನ ವಾರ."

ಮುಂದಿನ ವಾರ ಕಂಪ್ಯೂಟರ್ ಕೆಟ್ಟಿತ್ತು. ಅದರ ಮುಂದಿನ ವಾರ ಸಾಹೇಬರು ರಜೆಯಲ್ಲಿದ್ದರು. ಆಜಿ ಎಳ್ಳಿನ ಲಾಡು ಕಟ್ಟಿ ಯಶೋಳ ಮನೆಗೆ ಕಳಿಸಿದಳು. "ಹುಡುಗಿ ಕೆಲಸ ಮಾಡಿ ಸಣ್ಣಗ ಆಗ್ಯಾಳ," ಎಂದಳಂತೆ. ಆ ಲಾಡು ಡಬ್ಬಿಯಲ್ಲೇ ಕಹಿಯಾದವು. ಯಶೋ ಅವನ್ನು ತಿನ್ನಲಿಲ್ಲ, ಎಸೆಯಲೂ ಇಲ್ಲ.

ಉದ್ಘಾಟನೆಯ ದಿನ ಬಂತು. ಪತ್ರಿಕೆಯಲ್ಲಿ ಸುದ್ದಿ ಓದಿದ ಆಜಿ ಬಿಳಿ ಸೀರೆ ಉಟ್ಟು ನನ್ನನ್ನು ಕರೆದಳು. "ನಡಿ. ಹುಡುಗಿಗೆ ಪುರುಸೊತ್ತಿಲ್ಲ. ನಾವ ಹೋಗೂಣು." ನಾನು ಜೊತೆಗೆ ಹೋದೆ.

ಗೇಟಿನವನು ತಡೆದ. "ಕಾರ್ಡು?"

"ನನ್ನ ಗಂಡ ಒಳಗದಾನ," ಎಂದಳು ಆಜಿ.

ಯಾವ ಸಾಹೇಬನ ಹೆಂಡತಿಯೋ ಎಂದು ಅವನು ಅವಳನ್ನು ಮೇಲಿನಿಂದ ಕೆಳಗೆ ನೋಡಿದ. ಕಾಲಿನ ಹರಿದ ಚಪ್ಪಲಿ ನೋಡಿದ. ಅಷ್ಟರಲ್ಲಿ ಕಿಟಕಿಯಿಂದ ನಮ್ಮನ್ನು ಕಂಡ ಯಶೋ ಹೊರಗೆ ಬಂದಳು. ಒಂದು ಗಳಿಗೆ ನಿಂತಳು. ವಾಪಸ್ ಕಳಿಸಲು ಇನ್ನೊಂದು ಸುಳ್ಳು ಅವಳ ಬಾಯಲ್ಲಿ ಇದ್ದಿರಬೇಕು. ಅದನ್ನು ನುಂಗಿ ಆಜಿಯ ಕೈ ಹಿಡಿದಳು. "ಬಿಡು ಅಣ್ಣಾ, ನನ್ನವರು."

ಒಳಗೆ ಮೇಜಿನ ಮೇಲೆ ಶಾಸ್ತ್ರಿಗಳ ಗ್ರಂಥಗಳು, ಮೇಲೆ ಚೆಂಡುಹೂವಿನ ಮಾಲೆ. ಎದುರಿಗೆ ಕುಲಪತಿ, ಅತಿಥಿಗಳು, ದೊಡ್ಡ ಪರದೆ. ಉದ್ಘಾಟನೆಗೆಂದು ಒಂದು ಗ್ರಂಥವನ್ನು ಎಲ್ಲರ ಎದುರು ಗಾಜಿನ ಮೇಲೆ ಇಡುವ ಕೆಲಸ ಯಶೋಳದು. ಅದಕ್ಕೆಂದು ಹೊಸ ಸೀರೆ ಉಟ್ಟು ಬಾ ಎಂದಿದ್ದರು.

ಅವಳು ಆಜಿಯನ್ನು ತನ್ನ ಸ್ಟೂಲಿನ ಮೇಲೆ ಕೂರಿಸಿದಳು. ಕೀಲಿಮಣೆಯ ಹತ್ತಿರ ಹೋಗಿ "ಲಾಳಿ" ಎಂದು ಒತ್ತಿದಳು. ದೊಡ್ಡ ಪರದೆಯ ಮೇಲೆ ಬಂತು: ಏನೂ ಸಿಗಲಿಲ್ಲ.

ಆಜಿ ಆ ಅಕ್ಷರಗಳನ್ನು ಕೂಡಿಸಿ ಕೂಡಿಸಿ ಓದಿದಳು. ಗಂಡ ಕಲಿಸಿದ ಓದು.

"ಲೋಣಾರೆ, ಅದೇನದು?" ದೇಶಕರ್ ತಗ್ಗಿದ ದನಿಯಲ್ಲಿ ಕೇಳಿದರು. "ಆಮ್ಯಾಲೆ ಮಾಡು ಅದನ್ನ. ಮೊದಲು ಗ್ರಂಥ ಇಡು."

"ಇಡೂದಿಲ್ಲ ಸರ್."

"ಏನಂದಿ?"

"ಇಡೂದಿಲ್ಲ. ಇದನ್ನಷ್ಟ ಅಲ್ಲ, ಇನ್ನ ಮ್ಯಾಲೆ ನಿಮ್ಮ ಒಂದು ಹಾಳಿನೂ ಗಾಜಿನ ಮ್ಯಾಲೆ ಇಡೂದಿಲ್ಲ."

ಅವಳು ಮಾಲೆಯನ್ನು ಬದಿಗೆ ಸರಿಸಿದಳು. ಒಂದು ಗ್ರಂಥವನ್ನು ಎತ್ತಿಕೊಂಡಳು. ಯಾವುದೆಂದು ಅವಳಿಗೆ ಗೊತ್ತಿತ್ತು. ಇಷ್ಟು ದಿನ ಮಧ್ಯಾಹ್ನದ ಬಿಡುವಿನಲ್ಲೆಲ್ಲ ರಟ್ಟು ತೆರೆದು ಹುಡುಕಿ ಇದೊಂದನ್ನು ಕಂಡುಕೊಂಡಿದ್ದಳು. ಆಜಿಯ ತೊಡೆಯ ಮೇಲೆ ಇಟ್ಟು ಹಿಂದಿನ ರಟ್ಟು ತೆರೆದಳು.

"ಇಲ್ಲಿ ಅದಾನ ಆಜಿ. ಕಂಪ್ಯೂಟರಿನಾಗ ಇಲ್ಲ. ಇಲ್ಲಿ ಅದಾನ."

ಆಜಿ ಕಣ್ಣು ಹತ್ತಿರ ತಂದಳು. ಬಿಳಿ ಹಾಳೆಯ ಒಳಗೆ ಮಸುಕಾಗಿ ಅವಳ ಗಂಡನ ಹೆಸರು. ಬೆರಳಿಟ್ಟು ಒಂದೊಂದೇ ಅಕ್ಷರ ತಡವಿದಳು.

"ಯಾರು ಕೊಯ್ದ್ರು ಇದನ್ನ?"

ಬಾಗಿಲಲ್ಲಿ ರೆಹಮತ್ ಚಾಚಾ ನಿಂತಿದ್ದ. ಎದುರಿಗೆ ದೇಶಕರ್ ನಿಂತಿದ್ದರು. ಯಶೋ ಯಾರನ್ನೂ ತೋರಿಸಬಹುದಿತ್ತು.

"ನಾನ ಆಜಿ. ನಾನ ಕತ್ತರಿಸು ಅಂದೆ. ಇಷ್ಟು ದಿನ ಹೇಳಿದ್ದೂ ಎಲ್ಲಾ ಸುಳ್ಳು."

ಆಜಿ ಅವಳನ್ನು ನೋಡಿದಳು. ಅಳಲಿಲ್ಲ, ಹೊಡೆಯಲಿಲ್ಲ. ಪರವಾಗಿಲ್ಲ ಎನ್ನಲೂ ಇಲ್ಲ. ತನ್ನ ತೋರುಬೆರಳನ್ನು ಬಾಯಿಗೆ ಇಟ್ಟುಕೊಂಡಳು. ಚೆನ್ನಾಗಿ ಒದ್ದೆ ಮಾಡಿ ತೆಗೆದು ರಟ್ಟಿನ ಮೂಲೆಗೆ ಹಚ್ಚಿ ತಿಕ್ಕಿದಳು. ಮತ್ತೆ ಬಾಯಿಗೆ, ಮತ್ತೆ ರಟ್ಟಿಗೆ. ಮೈದಾ ಅಂಟು ಮೆತ್ತಗಾಯಿತು. ಬಿಳಿ ಹಾಳೆಯ ಮೂಲೆ ಸುರುಳಿಯಾಗಿ ಎದ್ದಿತು.

"ಏ! ಎಂಜಲು! ಎಂಜಲು ಹಚ್ಚಬ್ಯಾಡ್ರಿ!" ದೇಶಕರ್ ಕೂಗಿದರು. ಅವರು ಕೂಗಿದ್ದನ್ನು ಗ್ರಂಥಾಲಯ ಕೇಳಿದ್ದು ಅದೇ ಮೊದಲು. ಅವರ ಬೆರಳು ಗೋಡೆಯ ಹಲಗೆಯ ಕಡೆಗಿತ್ತು. "ಶಾಸ್ತ್ರಿಗಳ ಗ್ರಂಥ ಅದು! ಯಾರರ ಹಿಡೀರಿ ಆಕೀನ್ನ!"

ಯಾರೂ ಹಿಡಿಯಲಿಲ್ಲ. ಹಿಡಿಯಬೇಕಾದರೆ ಮುಟ್ಟಬೇಕಿತ್ತು.

ಆಜಿ ತಲೆ ಎತ್ತಲಿಲ್ಲ. ಯಶೋ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

"ನಿಂತು ಏನ್ ನೋಡ್ತಿ?" ಎಂದಳು ಆಜಿ. "ಕೊಯ್ಯು ಅಂದಾಕಿ ನೀನ ಅಲ್ಲೇನ? ಕೂಡ್ರು. ನೆಕ್ಕು."

ಯಶೋ ನೆಲದ ಮೇಲೆ ಕೂತಳು. ಬೆರಳನ್ನು ನಾಲಿಗೆಗೆ ಹಚ್ಚಿದಳು.